ಟ್ಯೂಬಿನಲ್ಲಿ ತುಂಬಿದ ಸ್ವಾತಂತ್ರ್ಯ

ಕಳೆದ ಆಗಸ್ಟ್ ತಿಂಗಳ ಮಾತು. ತಾಲ್ಲೂಕು ಕ್ರೀಡಾಕೂಟಕ್ಕೆ ಮೂರು ವಾರ ಉಳಿದಿತ್ತು. ಜೊಯಿಡಾದ ಮಳೆ ಬಿಡುವು ಕೊಟ್ಟ ದಿನವೇ ನಮ್ಮ ಮಕ್ಕಳಿಗೆ ಮೈದಾನ. ಅಂಥದೊಂದು ಮಧ್ಯಾಹ್ನ, 800 ಮೀಟರ್ ಓಡುವ ಒಂಬತ್ತನೇ ತರಗತಿಯ ಹುಡುಗಿ ಮೈದಾನಕ್ಕೆ ಇಳಿಯದೆ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದಳು.

‘ಯಾಕವ್ವಾ, ಆರಾಮಿಲ್ಲೇನು?’ ಎಂದೆ.

‘ಆರಾಮ ಅದೇನ್ರಿ ಸರ್. ಇನ್ಮುಂದೆ ನಾ ಓಡೂದಿಲ್ರಿ. ಬಿಸಿಲಾಗ ಕಪ್ಪಾಗ್ತೇನ್ರಿ.’

ಮನೆಯಲ್ಲಿ ಯಾರೋ ಹೇಳಿರಬೇಕು ಎಂದುಕೊಂಡು ವಿಚಾರಿಸಿದೆ. ‘ಯಾರೂ ಹೇಳಿಲ್ರಿ. ನನ್ನ ಮುಖ, ನನ್ನ ಇಷ್ಟ. ನನಗೂ ಕಾನ್ಫಿಡೆನ್ಸ್ ಬೇಕಲ್ರಿ’ ಎಂದಳು.

ಸುಮಾರು ಮೂವತ್ತು ವರ್ಷ ವಿಜ್ಞಾನ ಕಲಿಸಿದ ನನಗೆ ಉತ್ತರ ತೋಚಲಿಲ್ಲ. ಹೆಣ್ಣುಮಗಳೊಬ್ಬಳು ‘ನನ್ನ ಇಷ್ಟ’ ಎಂದಾಗ ಅಡ್ಡಿ ಮಾಡಲು ನಾನ್ಯಾರು? ಆದರೂ ಆ ಮಾತನ್ನು ಎಲ್ಲಿಯೋ ಕೇಳಿದ್ದೇನೆ ಎನಿಸುತ್ತಿತ್ತು. ರಾತ್ರಿ ಊಟಕ್ಕೆ ಕುಳಿತಾಗ ಟಿ.ವಿ.ಯಲ್ಲಿ ಅವೇ ಶಬ್ದಗಳು ಬಂದವು. ಅದು ಮುಖಕ್ಕೆ ಹಚ್ಚುವ ಕ್ರೀಮೊಂದರ ಜಾಹೀರಾತು.

ಈ ಉಪಾಯ ಹೊಸದಲ್ಲ. 1929ರಲ್ಲಿ ಅಮೆರಿಕದ ಸಿಗರೇಟು ಕಂಪನಿಯೊಂದಕ್ಕೆ ತನ್ನ ಮಾಲನ್ನು ಹೆಂಗಸರಿಗೂ ಮಾರಬೇಕಿತ್ತು. ಆಗ ಅಲ್ಲಿ ಹೆಂಗಸರು ಬೀದಿಯಲ್ಲಿ ಸೇದುವುದನ್ನು ಜನ ಒಪ್ಪುತ್ತಿರಲಿಲ್ಲ. ಎಡ್ವರ್ಡ್ ಬರ್ನೇಸ್ ಎಂಬ ಪ್ರಚಾರ ನಿಪುಣ ನ್ಯೂಯಾರ್ಕಿನ ಈಸ್ಟರ್ ಮೆರವಣಿಗೆಯಲ್ಲಿ ಕೆಲವು ಯುವತಿಯರು ಸಿಗರೇಟು ಹೊತ್ತಿಸುವಂತೆ ಏರ್ಪಾಡು ಮಾಡಿದ. ಅವಕ್ಕೆ ‘ಸ್ವಾತಂತ್ರ್ಯದ ಪಂಜುಗಳು’ ಎಂಬ ಹೆಸರು ಕೊಟ್ಟ. ಅಮೆರಿಕದ ಮಹಿಳೆಯರು ದಶಕಗಳ ಕಾಲ ಹೋರಾಡಿ ಮತದಾನದ ಹಕ್ಕು ಪಡೆದು ಆಗ ಒಂಬತ್ತು ವರ್ಷವೂ ತುಂಬಿರಲಿಲ್ಲ. ಅವರ ಹೋರಾಟದ ಮಾತು ಹೊಗೆ ಮಾರಲು ಕೆಲಸಕ್ಕೆ ಬಂತು.

ನಮ್ಮ ದೇಶಕ್ಕೆ ಬರೋಣ. ಹಿಂದೂಸ್ತಾನ್ ಲಿವರ್ ಕಂಪನಿ ‘ಫೇರ್ ಅಂಡ್ ಲವ್ಲಿ’ಯನ್ನು ಮಾರುಕಟ್ಟೆಗೆ ತಂದದ್ದು 1975ರಲ್ಲಿ. ಬೆಳ್ಳಗಾದರೆ ಒಳ್ಳೆಯ ಗಂಡ ಸಿಗುತ್ತಾನೆ ಎನ್ನುವುದು ಇಂಥ ಕ್ರೀಮುಗಳ ಹಳೆಯ ರಾಗ. ಹೆಣ್ಣುಮಕ್ಕಳು ಓದಿ ಕೆಲಸಕ್ಕೆ ಹೊರಟಾಗ ರಾಗ ಬದಲಾಯಿತು. ಆ ಕಾಲದ ಒಂದು ಜಾಹೀರಾತು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಮನೆಯಲ್ಲಿ ಹಣದ ಅಡಚಣೆ. ಮಗನೊಬ್ಬ ಇದ್ದಿದ್ದರೆ ಎಂದು ತಂದೆ ನಿಟ್ಟುಸಿರು ಬಿಡುತ್ತಾನೆ. ಅದನ್ನು ಕೇಳಿದ ಮಗಳು ಕ್ರೀಮು ಹಚ್ಚಿ ಬೆಳ್ಳಗಾಗುತ್ತಾಳೆ, ಗಗನಸಖಿಯಾಗುತ್ತಾಳೆ, ತಂದೆಗೆ ಕಾಫಿ ಕುಡಿಸುತ್ತಾಳೆ. ಅಖಿಲ ಭಾರತ ಜನವಾದಿ ಮಹಿಳಾ ಸಂಘಟನೆ ಇದನ್ನು ಪ್ರತಿಭಟಿಸಿ ದೂರು ಕೊಟ್ಟಿತು. 2003ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಖಾತೆ ಮಧ್ಯೆ ಬಂದ ಮೇಲೆ ಜಾಹೀರಾತು ನಿಂತಿತು. ಅದೇ ವರ್ಷ ಅದೇ ಕ್ರೀಮಿನ ಹೆಸರಿನಲ್ಲಿ ಮಹಿಳಾ ಸಬಲೀಕರಣದ ಪ್ರತಿಷ್ಠಾನವೊಂದು ಹುಟ್ಟಿ, ಹೆಣ್ಣುಮಕ್ಕಳಿಗೆ ವಿದ್ಯಾರ್ಥಿವೇತನ ಕೊಡತೊಡಗಿತು. ವಿದ್ಯಾರ್ಥಿವೇತನ ಪಡೆದು ಓದಿದವರಿಗೆ ಉಪಕಾರವಾಗಿದೆ, ಇಲ್ಲವೆನ್ನುವುದಿಲ್ಲ. ಆದರೆ ಒಂದು ಕೈ ‘ನೀನು ಸಾಲದು’ ಎಂದು ಬರೆಯುತ್ತಿದ್ದಾಗ ಇನ್ನೊಂದು ಕೈ ‘ನೀನು ಸಬಲೆ’ ಎಂದು ಬರೆಯುತ್ತಿತ್ತು.

ಆ ಜಾಹೀರಾತಿನಲ್ಲಿ ನಿಜವಾದ ಕೊರತೆ ಯಾರದು? ಮಗಳು ಹುಟ್ಟಿದ್ದಕ್ಕೆ ಮರುಗುವ ತಂದೆಯದು. ಬದಲಾದದ್ದು ಮಾತ್ರ ಮಗಳ ಮುಖ. ಮಹಿಳಾ ಚಳವಳಿ ಸಮಾನ ಕೂಲಿ, ಓದು, ಆಸ್ತಿಯಲ್ಲಿ ಪಾಲು ಕೇಳುತ್ತ ‘ಸಮಾಜ ಬದಲಾಗಲಿ’ ಎಂದಿತ್ತು. ಜಾಹೀರಾತು ಅದೇ ಚಳವಳಿಯ ಶಬ್ದಗಳನ್ನು ಎತ್ತಿಕೊಂಡು ‘ಸಮಾಜ ಹಾಗೇ ಇರಲಿ, ನೀನು ಬದಲಾಗು’ ಎನ್ನುತ್ತದೆ.

2014ರಲ್ಲಿ ಜಾಹೀರಾತು ಉದ್ಯಮದ ಸ್ವನಿಯಂತ್ರಣ ಮಂಡಳಿಯೇ, ಕಪ್ಪು ಬಣ್ಣದವರನ್ನು ದುಃಖಿಗಳಂತೆ, ಸೋತವರಂತೆ ತೋರಿಸಕೂಡದೆಂದು ನಿಯಮ ಮಾಡಿತು. 2020ರಲ್ಲಿ ‘ಫೇರ್’ ಹೋಗಿ ‘ಗ್ಲೋ’ ಬಂತು. ಈಗ ಬಿಳುಪಿನ ಬದಲು ಕಾಂತಿ, ಗಂಡನ ಬದಲು ಆತ್ಮವಿಶ್ವಾಸ. ಹೆಸರು ಬದಲಾದರೂ ಲೆಕ್ಕ ಹಳೆಯದೇ.

ಮರುದಿನ ತರಗತಿಯಲ್ಲಿ ಹಳೆಯ ಪತ್ರಿಕೆಗಳಿಂದ ಕತ್ತರಿಸಿದ ಜಾಹೀರಾತುಗಳನ್ನು ಹಂಚಿದೆ. ಕಂಪನಿಯ ಹೆಸರು, ಘೋಷಣೆ ಎರಡನ್ನೂ ಕಾಗದ ಅಂಟಿಸಿ ಮುಚ್ಚಿದ್ದೆ. ‘ಹಚ್ಚುವ ಮೊದಲು’, ‘ಹಚ್ಚಿದ ನಂತರ’ ಎಂಬ ಎರಡು ಚಿತ್ರಗಳಲ್ಲಿ ಏನೇನು ಬದಲಾಗಿದೆ ಎಂದು ಪಟ್ಟಿ ಮಾಡಲು ಹೇಳಿದೆ. ಪ್ರಯೋಗದಲ್ಲಿ ಒಂದು ಸಲಕ್ಕೆ ಒಂದೇ ಅಂಶ ಬದಲಾಗಬೇಕು ಎನ್ನುವುದು ಅವರಿಗೆ ಪಾಠದಿಂದ ಗೊತ್ತು. ಹತ್ತು ನಿಮಿಷದಲ್ಲಿ ಉತ್ತರ ಬಂತು: ಬೆಳಕು ಬದಲಾಗಿದೆ, ಕೂದಲು ಬಾಚಿದೆ, ಮೊದಲನೆಯವಳು ತಲೆ ತಗ್ಗಿಸಿದ್ದಾಳೆ, ಎರಡನೆಯವಳು ನಗುತ್ತಿದ್ದಾಳೆ. ‘ಇದು ಪ್ರಯೋಗನೇ ಅಲ್ರಿ ಸರ್’ ಎಂದ ಹಿಂದಿನ ಬೆಂಚಿನ ಹುಡುಗ.

ಚರ್ಮದ ಪಾಠವನ್ನೂ ಅದೇ ದಿನ ಮಾಡಿದೆ. ಬಣ್ಣ ತಯಾರಿಸುವ ಜೀವಕೋಶಗಳ ಸಂಖ್ಯೆ ಕಪ್ಪಗಿನವರಲ್ಲೂ ಬೆಳ್ಳಗಿನವರಲ್ಲೂ ಹೆಚ್ಚುಕಡಿಮೆ ಒಂದೇ. ಅವು ಎಷ್ಟು ಮೆಲನಿನ್ ತಯಾರಿಸುತ್ತವೆ, ಅದು ಯಾವ ಬಗೆಯದು, ಹೇಗೆ ಹರಡಿದೆ ಎಂಬುದರಲ್ಲಿ ವ್ಯತ್ಯಾಸ. ಮೆಲನಿನ್ ಎಂದರೆ ಸೂರ್ಯನ ನೇರಳಾತೀತ ಕಿರಣಕ್ಕೆ ದೇಹ ತಾನೇ ಹಿಡಿದ ಕೊಡೆ. ಬಿಸಿಲಿಗೆ ಬಣ್ಣ ಗಾಢವಾಗುವುದು ಆ ಕೊಡೆ ಅಗಲವಾದಂತೆ. ಹುಟ್ಟಿನಿಂದ ಬಂದ ಬಣ್ಣವನ್ನು ಯಾವ ಕ್ರೀಮೂ ಕಾಯಂ ಬದಲಾಯಿಸಲಾರದು. ‘ಬೇಗ ಬೆಳ್ಳಗಾಗುತ್ತೀರಿ’ ಎನ್ನುವ ಹೆಸರಿಲ್ಲದ ಕ್ರೀಮುಗಳಲ್ಲಿ ಪಾದರಸವಿದ್ದರೆ ಮೂತ್ರಪಿಂಡಕ್ಕೆ ಕುತ್ತು. ಸ್ಟಿರಾಯ್ಡ್ ಇದ್ದರೆ ಚರ್ಮ ತೆಳುವಾಗಿ ಕೆಂಪಾಗುತ್ತದೆ. ವೈದ್ಯರನ್ನು ಕೇಳದೆ ಅಂಗಡಿಯವರ ಮಾತು ಕೇಳಿ ಮುಲಾಮು ಹಚ್ಚಬೇಡಿ.

ನಮ್ಮ ಹಳಿಯಾಳ, ಮುಂಡಗೋಡ, ಜೊಯಿಡಾ ಕಡೆಯ ಶಾಲೆಗಳಲ್ಲಿ ಸಿದ್ದಿ ಸಮುದಾಯದ ಮಕ್ಕಳೂ ಓದುತ್ತಾರೆ. ಅವರ ಪೂರ್ವಜರು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಈ ಸಮುದಾಯದ ಮಕ್ಕಳನ್ನು ಹುಡುಕಿ ಓಟದ ತರಬೇತಿಗೆ ಆರಿಸಿತು. ಅಂಥ ಮಗುವಿನ ಮುಂದೆ ಈ ಎರಡು ಚಿತ್ರ ಹಿಡಿದರೆ ನಾವು ಹೇಳಿದಂತಾಗುವುದೇನು? ನಿನ್ನ ತಾಯಿ, ಅಜ್ಜಿ, ಇಡೀ ವಂಶವೇ ‘ಹಚ್ಚುವ ಮೊದಲಿನ’ ಚಿತ್ರ ಎಂದು.

ಪಾಠ ಚೆನ್ನಾಗಿ ಆಯಿತೆಂಬ ಸಮಾಧಾನದಲ್ಲಿ ನಾನು ಡಸ್ಟರ್ ಎತ್ತಿಕೊಳ್ಳುವಾಗ ಆ ಹುಡುಗಿ ಎದ್ದು ನಿಂತಳು. ‘ಸರ್, ಒಂದು ಕೇಳ್ಲೇನ್ರಿ? ಗ್ಯಾದರಿಂಗಿನಾಗ ಅತಿಥಿಗಳಿಗೆ ಹೂ ಕೊಡ್ಲಿಕ್ಕೆ ಬೆಳ್ಳಗಿದ್ದ ಹುಡುಗ್ಯಾರನ್ನೇ ಯಾಕ ಆರಿಸ್ತೀರಿ?’

ತರಗತಿ ಗಪ್‌ಚಿಪ್ಪಾಯಿತು. ಆ ಪಟ್ಟಿ ಬರೆಯುವವನು ನಾನೇ. ಪ್ರತಿ ವರ್ಷ, ಯಾರೂ ಹೇಳದೆ, ಯೋಚನೆಯೂ ಮಾಡದೆ, ನನ್ನ ಪೆನ್ನು ಅವೇ ಮುಖಗಳ ಹೆಸರು ಬರೆದಿತ್ತು. ‘ತಪ್ಪು ನಂದೇ’ ಎಂದೆ. ಬೇರೆ ಉತ್ತರ ಇರಲಿಲ್ಲ.

ಪಾಲಕರಲ್ಲಿ ಒಂದು ಮಾತು. ಕಂಪನಿಗಳು ಈ ಕೀಳರಿಮೆಯನ್ನು ಶೂನ್ಯದಿಂದ ಹುಟ್ಟಿಸಲಿಲ್ಲ. ‘ಹುಡುಗಿ ಗುಣವಂತೆ, ಬಣ್ಣ ಸ್ವಲ್ಪ ಕಮ್ಮಿ’ ಎಂದು ಮಾತಾಡಿದವರು ನಾವು. ಬಂಡವಾಳ ನಮ್ಮದು, ಬಡ್ಡಿ ತಿನ್ನುವವರು ಅವರು. ಮಗಳು ಮುಖಕ್ಕೆ ಪೌಡರು ಹಚ್ಚಿದರೆ ಬೈಯಬೇಡಿ, ಅಲಂಕಾರ ತಪ್ಪಲ್ಲ. ಈ ಭಾನುವಾರ ಅವಳ ಜೊತೆ ಕುಳಿತು ಒಂದು ಜಾಹೀರಾತು ನೋಡಿ, ‘ನಿನಗೆ ಏನು ಕಡಿಮೆ ಎಂದು ಇವರು ಹೇಳುತ್ತಿದ್ದಾರೆ?’ ಎಂದಷ್ಟೇ ಕೇಳಿ. ಅದಕ್ಕೂ ಮೊದಲು ಆ ಮಾತನ್ನು ನಿಮ್ಮ ಮನೆಯಲ್ಲಿ ಯಾರು ಹೇಳಿದ್ದರೆಂದು ನೆನಪು ಮಾಡಿಕೊಳ್ಳಿ.

ಹೂ ಕೊಡುವವರ ಹೆಸರನ್ನು ನಾವು ಈಗ ಚೀಟಿ ಎತ್ತಿ ಆರಿಸುತ್ತೇವೆ. ಕ್ರೀಡಾಕೂಟದಲ್ಲಿ ಅವಳು ಓಡಿದಳು. ನಾಲ್ಕನೆಯವಳಾದಳು, ಬಹುಮಾನವಿಲ್ಲ. ಮುಖಕ್ಕೆ ಏನಾದರೂ ಹಚ್ಚಿಕೊಂಡಿದ್ದಳೋ ಇಲ್ಲವೋ ನಾನು ಕೇಳಲಿಲ್ಲ. ಕೈಯಲ್ಲಿದ್ದ ಗಡಿಯಾರ ನೋಡಿದೆ. ಹಿಂದಿನ ವರ್ಷಕ್ಕಿಂತ 6 ಸೆಕೆಂಡು ಬೇಗ ಬಂದಿದ್ದಳು.