ತೊಂಬತ್ತನೇ ದಿನ ನೋಡಿ, ಆಮೇಲೆ ಬಹುಮಾನ ಕೊಡಿ

1/5
ನಮ್ಮ ಕಾಲೇಜು ಫೆಸ್ಟ್‌ನಲ್ಲಿ ಈ ಸಲವೂ ‘ಜಪಾನೀಸ್ ಟ್ರೇ ಗಾರ್ಡನ್’ ಸ್ಪರ್ಧೆ ಇದೆ. ಎರಡು ಗಂಟೆ ಟೈಮು, ಒಂದು ಟ್ರೇ, ಒಂದಿಷ್ಟು ಕಲ್ಲು, ನಾಲ್ಕು ಗಿಡ, ಒಂದು ಪ್ಲಾಸ್ಟಿಕ್ ಸೇತುವೆ. ಜಡ್ಜ್ ಬರ್ತಾರೆ, ಎಲ್ಲರೂ ಫೋಟೋ ತೆಗೀತಾರೆ, ಸರ್ಟಿಫಿಕೇಟ್ ಕೊಡ್ತಾರೆ. ಸಂಜೆ ಹಾಲ್ ಖಾಲಿ ಮಾಡ್ಬೇಕಲ್ಲ, ಆಗ ಬಹುಪಾಲು ಗಿಡಗಳು ಬೇರು ಸಮೇತ ಕಸದ ಕವರಿಗೆ. ತುಂಬೋ ಕೆಲಸ ಕ್ಲೀನಿಂಗ್ ಅಕ್ಕಂದಿರದ್ದು, ಸ್ಟೋರಿ ಹಾಕೋ ಕೆಲಸ ನಮ್ಮದು.

ಸ್ಪರ್ಧೆ ನಿಲ್ಲಿಸಿ ಅಂತ ನಾನು ಹೇಳ್ತಿಲ್ಲ. ಅದರ ನಿಯಮ ತಲೆಕೆಳಗಾಗಿದೆ ಅಂತಿದ್ದೀನಿ. ಮೊದಲನೇ ದಿನವೇ ತೀರ್ಪು ಕೊಟ್ರೆ ಗೆಲ್ಲೋದು ಯಾರು? ನರ್ಸರಿಯಿಂದ ದುಬಾರಿ ರೆಡಿ ಬೋನ್ಸಾಯ್ ತಂದು ನಡುವೆ ನೆಟ್ಟವರು. ಅವರು ಖರೀದಿ ಮಾಡಿದ್ದಾರೆ, ತೋಟ ಮಾಡಿಲ್ಲ. ಬಿಕಾಂ ಓದೋ ನಮಗೆ ಈ ವ್ಯತ್ಯಾಸ ಯಾರೂ ಹೇಳಿಕೊಡಬೇಕಾಗಿಲ್ಲ.

2/5
ಜಪಾನ್‌ನಲ್ಲಿ ತಟ್ಟೆಯೊಳಗಿನ ದೃಶ್ಯಕ್ಕೆ ಒಂದೇ ಹೆಸರಿಲ್ಲ. ಬೊನ್‌ಸೆಕಿ ಅಂದ್ರೆ ಮೆರುಗು ಬಳಿದ ಕಪ್ಪು ತಟ್ಟೆಯ ಮೇಲೆ ಕಲ್ಲು ಮತ್ತು ಬಿಳಿ ಮರಳು. ಮರಳನ್ನು ಚಮಚ, ಜರಡಿಗಳಿಂದ ಉದುರಿಸಿ, ಹಕ್ಕಿಯ ಗರಿಯಿಂದ ಸವರಿ ಅಲೆ, ಮೋಡ, ಬೆಟ್ಟ ಮೂಡಿಸುತ್ತಾರೆ. ಬೊನ್‌ಕೆಯ್‌ನಲ್ಲಿ ಕೆತೋ ಅನ್ನೋ ಕಪ್ಪು ಜಿಗುಟು ಮಣ್ಣಿನಿಂದ ಬೆಟ್ಟ ಕಟ್ಟಿ, ಪುಟ್ಟ ಮನೆ, ದೋಣಿ, ಮನುಷ್ಯರನ್ನು ಇಡುತ್ತಾರೆ. ಜೀವಂತ ಗಿಡ ಇರಲೇಬೇಕು ಅಂತಿಲ್ಲ. ಎದೋದಿಂದ ಕ್ಯೋಟೋಗೆ ಹೋಗುವ ತೊಕೈದೋ ರಸ್ತೆಯ 53 ತಂಗುದಾಣಗಳನ್ನೂ ಹೀಗೆ ಕುಂಡದೊಳಗಿನ ದೃಶ್ಯಗಳಾಗಿ ತೋರಿಸಿದ ಯೋಶಿಶಿಗೆಯ ಚಿತ್ರಸರಣಿ 1848ರದ್ದು. ಹುಡುಕಿ ನೋಡಿ, ಸುಮ್ನೆ ಸ್ಕ್ರಾಲ್ ಮಾಡೋಕೂ ಚೆನ್ನಾಗಿದೆ.

ಮೂರನೆಯದು ಸೈಕೆಯ್. ನಮ್ಮ ಸ್ಪರ್ಧೆಯಲ್ಲಿ ನಡೆಯೋದು ಹೆಚ್ಚುಕಮ್ಮಿ ಇದೇ: ಜೀವಂತ ಸಸಿ, ಕಲ್ಲು, ಮಣ್ಣು, ಪಾಚಿ. ಎರಡನೇ ಮಹಾಯುದ್ಧದ ನಂತರ ಇದಕ್ಕೆ ರೂಪ ಕೊಟ್ಟವರು ತೋಶಿಯೋ ಕವಾಮೊಟೊ. ಆಗ ಒಳ್ಳೆಯ ಹಳೆಯ ಬೋನ್ಸಾಯ್ ಸಿಗೋದೇ ಕಷ್ಟ, ಸಿಕ್ಕರೂ ಸಾಮಾನ್ಯರ ಕೈಗೆಟುಕುವ ಬೆಲೆ ಅಲ್ಲ. ಅವರು ಆರಿಸಿಕೊಂಡದ್ದು ಅಗ್ಗದ ಎಳೆ ಸಸಿಗಳನ್ನು. ಒಂಟಿಯಾಗಿ ನೋಡಿದ್ರೆ ಏನೂ ಅನ್ನಿಸದ ನಾಲ್ಕು ಸಸಿ, ಕಲ್ಲಿನ ಜೊತೆ ಸರಿಯಾಗಿ ನಿಂತರೆ ಒಂದು ಕಾಡು. ಆ ಸಸಿಗಳು ತಟ್ಟೆಯಲ್ಲೇ ಬೆಳೆದು, ದಪ್ಪಗಾಗಿ, ಮುಂದೆ ಬೋನ್ಸಾಯ್ ಆಗಬಹುದು.

ದುಡ್ಡಿಲ್ಲದವರಿಗೂ ಸಿಗಲಿ ಅಂತ ಬಂದ ಕಲೆ ಇದು. ಅದರಲ್ಲಿ ನಾವು ದುಡ್ಡಿದ್ದವರಿಗೆ ಕಪ್ ಕೊಡ್ತಿದ್ದೀವಿ!

3/5
ಇದನ್ನ ಹೇಳಿದ್ರೆ ಒಂದು ರೆಡಿಮೇಡ್ ಉತ್ತರ ಬರುತ್ತೆ: “ಜಪಾನೀಸ್ ಫಿಲಾಸಫಿನೇ ಹಾಗಲ್ವಾ, ಯಾವುದೂ ಶಾಶ್ವತ ಅಲ್ಲ.”

ಸರಿ. ಬೊನ್‌ಸೆಕಿ ಮಾಡಿದವರು ನೋಡಿ ಆದ್ಮೇಲೆ ಮರಳನ್ನ ಒರೆಸಿಬಿಡ್ತಾರೆ, ನಿಜ. ಆದರೆ ಅಲ್ಲಿ ಒರೆಸೋದು ಮರಳನ್ನ. ಅದು ಮತ್ತೆ ಡಬ್ಬಿಗೆ ಹೋಗುತ್ತೆ, ಮುಂದಿನ ಸಲ ಬರುತ್ತೆ. ಬೇರು ಬಿಟ್ಟ ಸಸಿಯನ್ನ ಕಿತ್ತು ಕಸಕ್ಕೆ ಹಾಕೋದಕ್ಕೆ ಯಾವ ಫಿಲಾಸಫಿಯೂ ಬೇಡ, ಸೋಮಾರಿತನ ಸಾಕು. ಒಂದೇ ದಿನದ ಟ್ರೇ ಬೇಕಾ? ಮರಳಲ್ಲಿ ಮಾಡಿ, ನಾನೇ ಬಂದು ಚಪ್ಪಾಳೆ ತಟ್ತೀನಿ. ಗಿಡ ಇಟ್ರೋ, ಅದರ ನಾಳೆಯೂ ನಿಮ್ಮದೇ.

(ಆನ್‌ಲೈನ್‌ನಲ್ಲಿ ಮಾರೋ ‘ಜೆನ್ ಗಾರ್ಡನ್’ ಡೆಸ್ಕ್ ಕಿಟ್ ಬಗ್ಗೆ ಕೇಳಿದವರಿಗೆ: ‘ಜೆನ್ ಗಾರ್ಡನ್’ ಅನ್ನೋ ಇಂಗ್ಲಿಷ್ ಮಾತನ್ನ ಮೊದಲು ಬರೆದದ್ದು 1935ರಲ್ಲಿ, ಲೊರೇನ್ ಕಕ್ ಅನ್ನೋ ಅಮೆರಿಕನ್ ಲೇಖಕಿ, ಕ್ಯೋಟೋ ತೋಟಗಳ ಬಗೆಗಿನ ಪುಸ್ತಕದಲ್ಲಿ. ಬಾಚಣಿಗೆಯಂಥ ಕೋಲು, ಎರಡು ಕಲ್ಲು, ಒಂದು ಹಿಡಿ ಮರಳಿಗೆ ನೂರಾರು ರೂಪಾಯಿ ಕೊಡೋದು ನಿಮ್ಮಿಷ್ಟ. ಇಂಟರ್ನಲ್ಸ್ ಟೆನ್ಷನ್ ಅದರಿಂದ ಹೋಗಲ್ಲ.)

4/5
“ಗಿಡ ಉಳಿಯೋದು ಲಕ್ಕು, ಟ್ಯಾಲೆಂಟ್ ಅಲ್ಲ” ಅಂದ್ರು ಕಮಿಟಿಯ ಒಬ್ಬರು. ತಪ್ಪು. ಸ್ಪರ್ಧೆಯ ಟ್ರೇಗಳು ಯಾಕೆ ಸಾಯ್ತವೆ ಅನ್ನೋದು ಎರಡು ಹೆಜ್ಜೆ ದೂರದಿಂದಲೇ ಕಾಣುತ್ತೆ.

ತೂತು ಇರಲ್ಲ. ಊಟದ ಟ್ರೇ ತಂದು ಮಣ್ಣು ತುಂಬಿದ್ರೆ ನೀರು ಅಡೀಲಿ ನಿಂತು ಬೇರು ಕೊಳೆಯುತ್ತೆ. ತೂತು ಕೊರೆದು, ಮೇಲೆ ಸೊಳ್ಳೆ ಜಾಲರಿ ತುಂಡು ಇಟ್ಟು, ಅದರ ಮೇಲೆ ಇಟ್ಟಿಗೆ ಚೂರು ಹಾಕ್ಬೇಕು. ಬರೀ ತೋಟದ ಮಣ್ಣು ತುಂಬಿದ್ರೆ ಗಟ್ಟಿಯಾಗಿ ಕೂತುಬಿಡುತ್ತೆ; ಜರಡಿ ಹಿಡಿದ ಇಟ್ಟಿಗೆ ಚೂರು, ಸ್ವಲ್ಪ ಗೊಬ್ಬರ ಬೆರೆಸಿ. ಇಳಿಜಾರಲ್ಲಿ ಮಣ್ಣು ಜಾರದ ಹಾಗೆ ಹಿಡಿಯೋಕೆ ಜಪಾನ್‌ನವರಿಗೆ ಕೆತೋ ಇದೆ. ನಮಗೆ ಜಿಗುಟಾದ ಕೆರೆ ಮಣ್ಣು ಪರವಾಗಿಲ್ಲ. ಸಸಿ ಅಲ್ಲಾಡಿದ್ರೆ ಹೊಸ ಬೇರು ಹರಿಯುತ್ತೆ, ಅದಕ್ಕೇ ತೂತಿನ ಮೂಲಕ ತಂತಿ ತಂದು ಬುಡ ಕಟ್ಟೋದು. ಯಾವ ಫೋಟೋದಲ್ಲೂ ಈ ತಂತಿ ಕಾಣಲ್ಲ.

ಇನ್ನು ಎಲ್ಲರ ಅಚ್ಚುಮೆಚ್ಚು: ಜೇಡ್ ಗಿಡದ ಬುಡಕ್ಕೆ ಹಸಿರು ಪಾಚಿ. ನೋಡೋಕೆ ಸೂಪರ್. ಆದ್ರೆ ಜೇಡ್‌ಗೆ ಒಣ ಮಣ್ಣು ಬೇಕು, ಪಾಚಿಗೆ ಸದಾ ತೇವ. ಇಬ್ಬರಲ್ಲಿ ಒಬ್ಬರು ಸಾಯ್ಲೇಬೇಕು. ಒಂದೇ ತರಹ ನೀರು ಕುಡಿಯೋ ಗಿಡಗಳನ್ನ ಒಂದು ಟ್ರೇಗೆ ಹಾಕಿ, ಸಣ್ಣ ಎಲೆಯದ್ದನ್ನೇ ಆರಿಸಿ. ಗೋಡೆ ಬಿರುಕಿನ ಅರಳಿ ಸಸಿ ಫ್ರೀ ಸಿಗುತ್ತೆ, ಒಪ್ಪಿದೆ, ಆದ್ರೆ ಅಷ್ಟಗಲ ಎಲೆಯ ಕೆಳಗೆ ನಿಮ್ಮ ಬೆಟ್ಟ ಜಲ್ಲಿಕಲ್ಲಿನ ಹಾಗೆ ಕಾಣುತ್ತೆ. ಕಲ್ಲುಗಳೂ ಒಂದೇ ಜಾತಿಯವಿರಲಿ, ಗೆರೆಗಳು ಒಂದೇ ದಿಕ್ಕಿಗಿರಲಿ, ಬುಡ ಮಣ್ಣಲ್ಲಿ ಹೂತಿರಲಿ. ಪಾಚಿಯನ್ನ ಮಳೆಗಾಲದಲ್ಲಿ ನಿಮ್ಮದೇ ಕಾಂಪೌಂಡ್ ಗೋಡೆಯಿಂದ ಎಬ್ಬಿಸಿ. ಚಿಕ್ಕಮಗಳೂರು ಟ್ರಿಪ್ ಹೋಗಿ ಕಾಡಿಂದ ಕಿತ್ತು ಬ್ಯಾಗಿಗೆ ಹಾಕ್ಕೊಂಡು ಬರೋ ಕೆಲಸ ದಯವಿಟ್ಟು ಬೇಡ.

ಆಮೇಲೆ ನೀರು. ಎರಡಿಂಚು ಮಣ್ಣು ಎಷ್ಟು ಬೇಗ ಒಣಗುತ್ತೆ ಅಂತ ಇಟ್ಟುಕೊಂಡವರಿಗೇ ಗೊತ್ತು. ಮಾರ್ಚ್ ಬಿಸಿಲಲ್ಲಿ ದಿನಕ್ಕೆ ಎರಡು ಸಲ ಬೇಕಾಗಬಹುದು, ಅದೂ ಸಣ್ಣ ಹನಿಯಲ್ಲಿ. ಚೊಂಬಲ್ಲಿ ಸುರಿದ್ರೆ ಬೆಟ್ಟ ಕೊಚ್ಚಿ ಹೋಗುತ್ತೆ. ಹಾಸ್ಟೆಲ್ ಟೇಬಲ್ ಮೇಲೆ, ಟ್ಯೂಬ್‌ಲೈಟ್ ಕೆಳಗೆ ಬದುಕಲ್ಲ, ಬಿಸಿಲು ಬೀಳೋ ಕಿಟಕಿಯೋ ಬಾಲ್ಕನಿಯೋ ಬೇಕು. ಚಿಗುರು ಕತ್ತರಿಸ್ತಾ ಇರ್ಬೇಕು, ಇಲ್ಲಾಂದ್ರೆ ಹಿಂದಿನ ಮರ ಮುಂದಿನ ಮರಕ್ಕಿಂತ ಎತ್ತರ ಹೋಗಿ ದೂರ ಅನ್ನೋದೇ ಮಾಯ. ಇದ್ರಲ್ಲಿ ಲಕ್ಕು ಎಲ್ಲಿದೆ ತೋರಿಸಿ?

5/5
ಸವಕಳಿ ಲೆಕ್ಕ ಎಲ್ಲರೂ ಹಾಕಿದ್ದೀವಿ: ಕೊಂಡ ವಸ್ತುವಿನ ಬೆಲೆ ವರ್ಷ ವರ್ಷ ಇಳಿಯುತ್ತೆ. ನೋಡಿಕೊಂಡ ಟ್ರೇ ಲೆಕ್ಕ ಉಲ್ಟಾ. ಮೂರು ತಿಂಗಳಿಗೆ ಪಾಚಿ ಕಲ್ಲಿಗೆ ಹತ್ತುತ್ತೆ, ಸಸಿ ಜಾಗಕ್ಕೆ ಒಗ್ಗುತ್ತೆ, ನೆಟ್ಟ ಗುರುತು ಅಳಿಸುತ್ತೆ. ನಮ್ಮ ಜಡ್ಜ್‌ಗಳು ಅದನ್ನ ನೋಡಿಯೇ ಇಲ್ಲ.

ಹಾಗಾಗಿ ಫೆಸ್ಟ್ ಕಮಿಟಿಗೆ ಬರೆದು ಕೊಡ್ತಿರೋದು ಇಷ್ಟು. ಫೆಸ್ಟ್ ದಿನ ಟ್ರೇ ಮಾಡೋದು, ಫೋಟೋ ತೆಗೆಯೋದು, ಅಂಕ ಇಲ್ಲ. ರೆಡಿ ಬೋನ್ಸಾಯ್‌ಗೆ ಅವಕಾಶ ಇಲ್ಲ, ಸಸಿಗಳ ಒಟ್ಟು ಖರ್ಚಿಗೆ ಮಿತಿ, ಬಿಲ್ ಅಂಟಿಸಬೇಕು. 90 ದಿನ ಬಿಟ್ಟು ಅದೇ ಟ್ರೇ ವಾಪಸ್ ತರಬೇಕು, ಅವತ್ತು ತೀರ್ಪು. ಆ ದಿನ ನಾಲ್ಕೇ ಟ್ರೇ ಬಂದ್ರೆ ನಾಲ್ಕಕ್ಕೇ ನಡೀಲಿ.

ಸಹಿ ಹಾಳೆ ಲೈಬ್ರರಿ ಮೆಟ್ಟಿಲ ಹತ್ರ ನನ್ನ ಬಳಿ ಇರುತ್ತೆ, ಶುಕ್ರವಾರದವರೆಗೆ. ಒಪ್ಪದವರೂ ಬನ್ನಿ, ಜಗಳ ಆಡೋಣ. ನಿಮ್ಮ ಹಳೇ ಟ್ರೇ ಇನ್ನೂ ಬದುಕಿದ್ರೆ ಅದನ್ನೂ ಹೊತ್ಕೊಂಡು ಬನ್ನಿ.