ಚೇಂಜ್ ಎಂಬ ಮುಯ್ಯಿ

ಕ್ರಿ.ಶ. 2ನೆಯ ಶತಮಾನದಲ್ಲಿ ಲ್ಯಾಟಿನ್ ಲೇಖಕ ಅಪುಲೇಯಸ್ ಮಾಟದ ಆರೋಪ ಹೊತ್ತು ಉತ್ತರ ಆಫ್ರಿಕದ ಸಬ್ರಾತಾ ಪಟ್ಟಣದ ನ್ಯಾಯಸಭೆಯ ಮುಂದೆ ನಿಂತ. ಸಿರಿವಂತ ವಿಧವೆಯೊಬ್ಬಳನ್ನು ವಶೀಕರಣದಿಂದ ಮದುವೆಯಾದನೆಂಬುದು ದೂರು. ಅವನು ಮಾಡಿದ ವಾದ ಇಂದಿಗೂ ಉಳಿದಿದೆ. ಎದುರಾಳಿಯ ಹೊಲವನ್ನು ಗುಲಾಮರು ಉಳುತ್ತಾರೋ, ಇಲ್ಲ ಅವನೇ ನೆರೆಹೊರೆಯವರೊಡನೆ ಮುಯ್ಯಾಳು ಮಾಡಿಕೊಂಡು ಉಳುತ್ತಾನೋ, ಅದು ತನಗೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ ಎಂದು ಅದರಲ್ಲಿ ಒಂದೆಡೆ ಹೇಳುತ್ತಾನೆ.

ದುಡಿಮೆಯ ಆ ಕೊಡುಕೊಳೆಗೆ ಅವನು ಬಳಸಿದ ಕ್ರಿಯಾಪದವೇ ಮುಂದೆ ಫ್ರೆಂಚಿನ ಹಾದಿ ಹಿಡಿದು, 13ನೆಯ ಶತಮಾನದ ಹೊತ್ತಿಗೆ ಇಂಗ್ಲಿಷಿನಲ್ಲಿ ‘ಚೇಂಜ್’ ಆಯಿತು. ಪದದ ಬೇರು ಗಾಲ್ ನಾಡಿನ ಕೆಲ್ಟಿಕ್ ಭಾಷೆಯದಿರಬೇಕು, ಅಲ್ಲಿ ಅದಕ್ಕೆ ಬಾಗು, ಡೊಂಕು ಎಂಬರ್ಥವಿತ್ತು ಎನ್ನುವುದು ಹೆಚ್ಚಿನ ನಿಘಂಟುಕಾರರ ಅಭಿಪ್ರಾಯ.

ಹೊಲದಿಂದ ಪೇಟೆಗೆ ಬಂದ ಮೇಲೆ ಪದದ ಬಾಳು ಇನ್ನೂ ಸೊಗಸು. ಮಧ್ಯಯುಗದ ಫ್ಲಾರೆನ್ಸಿನಲ್ಲಿ ನಾಣ್ಯ ವಿನಿಮಯ ಮಾಡುವವರ ಸಂಘಕ್ಕೆ ಇದೇ ಪದದ ಇಟಾಲಿಯನ್ ರೂಪದಿಂದ ‘ಆರ್ಟೆ ದೆಲ್ ಕಾಂಬಿಯೊ’ ಎಂದೇ ಹೆಸರು. ಲಂಡನ್ನಿನ ವರ್ತಕರಿಗಾಗಿ ಥಾಮಸ್ ಗ್ರೆಶಮ್ ಕಟ್ಟಿಸಿದ ಸಭಾಂಗಣವನ್ನು 1571ರಲ್ಲಿ ರಾಣಿ ಮೊದಲನೆಯ ಎಲಿಜಬೆತ್ ‘ರಾಯಲ್ ಎಕ್ಸ್‌ಚೇಂಜ್’ ಎಂದು ಕರೆದಳು. ಊರಿನವರು ಅದನ್ನು ಬರಿಯ ‘ಚೇಂಜ್’ ಎಂದರು. ನಮ್ಮ ಬಸ್ಸುಗಳಲ್ಲಿ ಕಂಡಕ್ಟರು ‘ಚೇಂಜ್ ಕೊಡಿ’ ಎಂದು ಚಿಲ್ಲರೆ ಕೇಳುವಾಗ ಪದ ತನ್ನ ಹಳೆಯ ಅರ್ಥಕ್ಕೆ ತೀರ ಹತ್ತಿರದಲ್ಲಿರುತ್ತದೆ.

ಇದು ಇಂಗ್ಲಿಷೊಂದರ ಕಥೆಯಲ್ಲ. ಜರ್ಮನ್ನಿನ ‘ವೆಕ್ಸೆಲ್ನ್’ ನೋಟು ಮುರಿಸುವುದಕ್ಕೂ ಬಟ್ಟೆ ಬದಲಿಸುವುದಕ್ಕೂ ಸಲ್ಲುತ್ತದೆ. ಕನ್ನಡದ ‘ಬದಲು’ ಅರಬ್ಬಿಯಿಂದ ಬಂದದ್ದು, ಅಲ್ಲಿಯೂ ಒಂದರ ಸ್ಥಾನಕ್ಕೆ ಮತ್ತೊಂದು ಎಂದೇ ಅರ್ಥ. ಅಚ್ಚಗನ್ನಡದ ‘ಮಾರು’ ಪದದಲ್ಲಿ ಈ ನಂಟು ಇನ್ನೂ ಗಾಢ. ಮಾರುಕಟ್ಟೆಯಲ್ಲಿ ಅದು ವಿಕ್ರಯ, ಮಾರುವೇಷದಲ್ಲಿ, ಮಾರ್ಪಾಡಿನಲ್ಲಿ ಅದು ಬದಲಾವಣೆ. ತಮಿಳಿನಲ್ಲಂತೂ ಅದೇ ಪದಕ್ಕೆ ‘ಬದಲಾಗು’ ಎಂಬುದೇ ಮುಖ್ಯ ಅರ್ಥ. ಒಂದಕ್ಕೊಂದು ಸಂಬಂಧವಿಲ್ಲದ ನುಡಿಕುಲಗಳು ಬದಲಾವಣೆಯನ್ನು ಕೊಟ್ಟು ಕೊಳ್ಳುವ ವ್ಯವಹಾರದ ಮೂಲಕವೇ ಗ್ರಹಿಸಿದವು ಎಂಬುದು ಸಣ್ಣ ಸಂಗತಿಯಲ್ಲ.

ಆ ವ್ಯವಹಾರ ಈಗಿನ ಬರವಣಿಗೆಯಲ್ಲಿ ಕಾಣದಾಗುತ್ತಿದೆ. ಕೂಲಿಯಾಳು ಬಂದು, ಕೊಯ್ಲು ಯಂತ್ರ ಬಂದು ಮುಯ್ಯಾಳು ಹಿಂದೆ ಸರಿದದ್ದನ್ನು ‘ಕಾಲ ಬದಲಾಯಿತು’ ಎಂಬ ಒಂದೇ ವಾಕ್ಯದಲ್ಲಿ ಮುಗಿಸುತ್ತೇವೆ. ಯಾರು ಏನನ್ನು ಬಿಟ್ಟುಕೊಟ್ಟರು, ಅದಕ್ಕೆ ಪ್ರತಿಯಾಗಿ ಏನು ಪಡೆದರು ಎಂಬುದನ್ನು ಬರೆಯದೆ ಬದಲಾವಣೆಯ ಬಗ್ಗೆ ಬರೆದಂತಾಗುವುದಿಲ್ಲ.

ಮುಯ್ಯಾಳು ಇನ್ನೂ ನಡೆಯುವ ಊರುಗಳ ಓದುಗರು ಅಲ್ಲಿ ಅದಕ್ಕೆ ಯಾವ ಹೆಸರಿದೆ, ಒಬ್ಬರ ಒಂದು ದಿನದ ದುಡಿಮೆಯನ್ನು ಯಾವಾಗ, ಹೇಗೆ ತೀರಿಸುತ್ತಾರೆ, ಲೆಕ್ಕವನ್ನು ಯಾರು ನೆನಪಿಡುತ್ತಾರೆ ಎಂಬುದನ್ನು ಪತ್ರಿಕೆಗೆ ಬರೆದು ಕಳುಹಿಸಬೇಕೆಂದು ಕೋರಿಕೆ.