ಅರ್ಧದಾರಿಯ ಲೆಕ್ಕ

ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ತಂಡವೊಂದಕ್ಕೆ 38 ಪಂದ್ಯಗಳು; 19 ಮುಗಿಯುವ ಕಾಲಕ್ಕೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹೊಲಗಳಲ್ಲಿ ಹಿಂಗಾರಿ ಜೋಳ ತೆನೆ ಹಿಡಿದಿರುತ್ತದೆ. ಆ ಪಂದ್ಯಗಳನ್ನಾಧರಿಸಿದ ಫ್ಯಾಂಟಸಿ ಲೀಗಿನಲ್ಲಿ ತರುಣರು 10 ಕೋಟಿ ಪೌಂಡುಗಳ ಕಲ್ಪಿತ ಹಣದಿಂದ 15 ಆಟಗಾರರನ್ನು ಆರಿಸುವರು. ಹಿಂದೆ ಬಿದ್ದವರು ಅವಸರದಿಂದ ಆಟಗಾರರನ್ನು ಬದಲಿಸಿದರೆ, ಮಿತಿ ಮೀರಿದ ಪ್ರತಿ ಬದಲಾವಣೆಗೂ 4 ಅಂಕಗಳು ಕಳೆಯುವವು. ಹೋದ ಅಂಕ ಮುಂದಿನ ವಾರ ಬಂದೀತು. ಹಣದ ಪಣ ಸೇರಿತೆಂದರೆ ಮಾತೇ ಬೇರೆ: ಸೋತದ್ದನ್ನು ಮರಳಿ ಪಡೆಯುವ ಹಟದಲ್ಲಿ ರಾಶಿಯ ರೊಕ್ಕವೂ ಕರಗೀತು. ಅಂಥ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಶಾಸನವನ್ನು ಪಾರ್ಲಿಮೆಂಟು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಶಾಸನವೊಂದೇ ಸಾಲದು. ಮಗನ ತಂಡ ಎಷ್ಟನೆಯ ಸ್ಥಾನದಲ್ಲಿದೆಯೆಂದು ಕೇಳುವ ತಂದೆತಾಯಿಗಳು, ಪಣವುಂಟೇ ಎಂಬುದನ್ನೂ ಕೇಳಬೇಕೆಂದು ನಾವು ಬಿನ್ನವಿಸುತ್ತೇವೆ.